ಬೆಕ್ಕುಗಳ ಆರೈಕೆ: ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಲ್ಲಿ ಜೀವದಯಾ ಸಂಸ್ಥೆಗಳ ಸಹಕಾರ ಮತ್ತು ಅದರ ತೊಡಕುಗಳು

ಗಾಯಗೊಂಡ ಹಸುವಿಗೆ ಗೋಶಾಲೆ ಇದೆ. ಬೀದಿನಾಯಿಗಳಿಗೆ ಸಂತಾನಹರಣ ಯೋಜನೆ ಇದೆ. ಬೆಕ್ಕಿಗೆ ಮಾತ್ರ ನಮ್ಮ ಸಣ್ಣ ಊರುಗಳಲ್ಲಿ ಗೊತ್ತಾದ ನೆಲೆ ಇಲ್ಲ. ಬಸದಿಯ ಪ್ರಾಕಾರದಲ್ಲೋ ಅಂಗಡಿಯ ಹಿಂದಿನ ಗೋದಾಮಿನಲ್ಲೋ ಯಾರದೋ ಅಟ್ಟದ ಮೇಲೋ ಮರಿ ಹಾಕಿದ ಬೆಕ್ಕು ಕಂಡಾಗ ದಯೆ ಹುಟ್ಟುತ್ತದೆ. ಮುಂದೇನು ಮಾಡಬೇಕು, ಯಾರನ್ನು ಕರೆಯಬೇಕು ಎಂಬುದು ತಿಳಿಯುವುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು, ಬೆಕ್ಕುಗಳ ಆರೈಕೆಯಲ್ಲಿ ಸಂಸ್ಥೆಗಳು ಮತ್ತು ಸ್ವಯಂಸೇವಕರು ಒಟ್ಟಾಗಿ ಕೆಲಸ ಮಾಡುವುದು ಏಕೆ ಕಷ್ಟ, ಅದಕ್ಕೆ ದಾರಿ ಯಾವುದು, ಅದರಲ್ಲಿ ಜೈನ ಕುಟುಂಬಗಳು ವ್ರತಕ್ಕೆ ಭಂಗ ಬಾರದಂತೆ ಹೇಗೆ ಪಾಲ್ಗೊಳ್ಳಬಹುದು ಎಂಬುದನ್ನು ಈ ಲೇಖನದಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ನಾಲ್ಕು ತಾಲ್ಲೂಕು, ನಾಲ್ಕು ದಿಕ್ಕು

ನಕ್ಷೆಯಲ್ಲಿ ಈ ತಾಲ್ಲೂಕುಗಳು ಜಿಲ್ಲೆಯ ಘಟ್ಟದ ಮೇಲಿನ ಭಾಗದಲ್ಲಿವೆ. ಆದರೆ ನಿತ್ಯದ ಓಡಾಟದಲ್ಲಿ ಒಂದೊಂದರ ಮುಖ ಒಂದೊಂದು ಕಡೆಗಿದೆ. ಹಳಿಯಾಳದವರು ಆಸ್ಪತ್ರೆಗೂ ಮಾರುಕಟ್ಟೆಗೂ ಧಾರವಾಡಕ್ಕೆ ಹೋಗುತ್ತಾರೆ. ಮುಂಡಗೋಡದವರಿಗೆ ಹುಬ್ಬಳ್ಳಿ ಅನುಕೂಲ. ಕಾಳಿ ನದಿಯ ದಂಡೆಯಲ್ಲಿರುವ ದಾಂಡೇಲಿ ಕಾಗದದ ಕಾರ್ಖಾನೆಯ ಸುತ್ತ ಬೆಳೆದ ಊರು. ಹಲವು ರಾಜ್ಯಗಳಿಂದ ಬಂದ ಕಾರ್ಮಿಕ ಕುಟುಂಬಗಳು ಅಲ್ಲಿ ನೆಲೆಸಿವೆ. ಹಿಂದೆ ಸೂಪಾ ಎಂದು ಕರೆಸಿಕೊಳ್ಳುತ್ತಿದ್ದ ಜೋಯಿಡಾ ತಾಲ್ಲೂಕಿನಲ್ಲಿ ಕಾಡೇ ಹೆಚ್ಚು, ಮನೆಗಳು ದೂರ ದೂರ. ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗಿದೆ.

ಭಾಷೆಯೂ ಒಂದಲ್ಲ. ಕನ್ನಡದ ಜೊತೆಗೆ ಕೊಂಕಣಿ, ಮರಾಠಿ, ಉರ್ದು ಇವೆ. 1966ರಲ್ಲಿ ಟಿಬೆಟನ್ ನಿರಾಶ್ರಿತರ ವಸಾಹತು ಆರಂಭವಾದ ಮುಂಡಗೋಡದಲ್ಲಿ ಟಿಬೆಟನ್ ಭಾಷೆಯೂ ಇದೆ. ಒಂದು ತಾಲ್ಲೂಕಿನ ಸ್ವಯಂಸೇವಕರ ವಾಟ್ಸಾಪ್ ಸಂದೇಶ ಇನ್ನೊಂದು ತಾಲ್ಲೂಕಿನವರಿಗೆ ಅರ್ಥವಾಗದೆ ಹೋಗಬಹುದು. ಪಶುವೈದ್ಯರು, ಔಷಧಿ ಅಂಗಡಿ, ವಾಹನ ಎಲ್ಲವೂ ಬೇರೆ ಬೇರೆಯಾಗಿರುವಲ್ಲಿ ಸಹಕಾರ ತಾನಾಗಿಯೇ ಬರುವುದಿಲ್ಲ. ಅದನ್ನು ಮಾತುಕತೆಯಿಂದ ಕಟ್ಟಬೇಕು.

ಬೆಕ್ಕಿನ ಆರೈಕೆ ಏಕೆ ಬೇರೆ?

ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲದು. ಗರ್ಭದ ಅವಧಿ ಸುಮಾರು 63ರಿಂದ 65 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ನಾಲ್ಕು ಮರಿ. ಮರಿಗಳು ಹಾಲು ಬಿಡುವ ಮೊದಲೇ ತಾಯಿ ಮತ್ತೆ ಗರ್ಭಿಣಿಯಾಗಬಹುದು. ಈ ವರ್ಷ ಬಸದಿಯ ಹಿತ್ತಿಲಲ್ಲಿ ಒಂದು ಬೆಕ್ಕಿದ್ದರೆ ಮುಂದಿನ ವರ್ಷ ಹತ್ತಾಗಿರುತ್ತವೆ. ಅವುಗಳಲ್ಲಿ ಅನೇಕವು ಹಸಿವು, ರೋಗ, ವಾಹನಗಳಿಗೆ ಸಿಕ್ಕಿ ಸಾಯುತ್ತವೆ.

ಎರಡನೆಯ ಸಂಗತಿ ರೋಗ. ಮರಿಗಳ ಜೀವ ತೆಗೆಯುವ ಪ್ಯಾನ್‌ಲ್ಯೂಕೋಪೀನಿಯಾ ಎಂಬ ವೈರಾಣು ರೋಗ ಬೆಕ್ಕಿನ ಆಶ್ರಯಗಳಿಗೆ ದೊಡ್ಡ ಭಯ. ಇದರ ವೈರಾಣು ನೆಲ, ಬುಟ್ಟಿ, ಬಟ್ಟೆಗಳಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ಒಂದು ವರ್ಷದವರೆಗೂ ಉಳಿಯಬಲ್ಲದು. ಸ್ಯಾನಿಟೈಸರ್‌ಗೆ ಅದು ಸಾಯುವುದಿಲ್ಲ, ಬ್ಲೀಚಿಂಗ್ ದ್ರಾವಣ ಬೇಕು. ಲಸಿಕೆ ಇದೆ: ಆರರಿಂದ ಎಂಟು ವಾರದಲ್ಲಿ ಆರಂಭಿಸಿ, ಮೂರು-ನಾಲ್ಕು ವಾರಕ್ಕೊಮ್ಮೆಯಂತೆ 16 ವಾರದವರೆಗೆ ಕೊಡಬೇಕು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೆಕ್ಕು ಸಾಗಿಸಿದಾಗ, ಸಾಗಿಸಿದ ಬುಟ್ಟಿಯೇ ರೋಗ ಹೊತ್ತೊಯ್ಯಬಹುದು. ಸಹಾಯ ಮಾಡಲು ಹೋದವರ ಮನೆಯ ಮರಿಗಳೆಲ್ಲ ಸತ್ತರೆ ಎರಡು ಗುಂಪುಗಳ ನಡುವಿನ ನಂಬಿಕೆ ಅಲ್ಲಿಗೇ ಮುರಿಯುತ್ತದೆ.

ಮೂರನೆಯದು ಆಹಾರ. ಬೆಕ್ಕು ಸಂಪೂರ್ಣ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯದ ಸ್ನಾಯು ದುರ್ಬಲವಾಗುತ್ತದೆ. ಹೃದಯದ ಈ ಕಾಯಿಲೆಗೆ ಟಾರಿನ್ ಕೊರತೆ ಕಾರಣವೆಂದು 1987ರಲ್ಲಿ ಅಮೆರಿಕದ ಪಶುವೈದ್ಯ ವಿಜ್ಞಾನಿಗಳು ತೋರಿಸಿದರು. ಹಾಲು-ಅನ್ನ ಹಾಕಿ ಬೆಕ್ಕು ಸಾಕಿದೆವು ಎನ್ನುವ ಮನೆಗಳಲ್ಲಿ ಅದು ಹೊರಗೆ ಇಲಿ, ಹಲ್ಲಿ, ಹಕ್ಕಿ ಹಿಡಿದೇ ಬದುಕಿರುತ್ತದೆ. ಆಕಳ ಹಾಲು ಅನೇಕ ಬೆಕ್ಕುಗಳಿಗೆ ಜೀರ್ಣವಾಗುವುದಿಲ್ಲ. ತಾಯಿಯಿಲ್ಲದ ಪುಟ್ಟ ಮರಿಗೆ ಅದನ್ನು ಕುಡಿಸಿದರೆ ಭೇದಿಯಾಗಿ ಜೀವಕ್ಕೇ ಅಪಾಯ.

ಭಿನ್ನಾಭಿಪ್ರಾಯದ ಮೂಲಗಳು

ಬೆಕ್ಕುಗಳಿಗಾಗಿ ದುಡಿಯುವವರಲ್ಲಿ ದಯೆಯ ಕೊರತೆ ಇರುವುದಿಲ್ಲ. ಜಗಳ ಬರುವುದು ಬೇರೆ ಕಾರಣಗಳಿಗೆ. ಮುಖ್ಯವಾದವು ಇವು:

1. ಎಲ್ಲಿ ಇಡಬೇಕು? ಸಿಕ್ಕ ಬೆಕ್ಕನ್ನೆಲ್ಲ ಆಶ್ರಯಕ್ಕೆ ತರಬೇಕು ಎನ್ನುವವರು ಒಂದು ಕಡೆ. ಸಂತಾನಹರಣ, ಲಸಿಕೆ ಮಾಡಿಸಿ ಹಿಡಿದ ಜಾಗದಲ್ಲೇ ಬಿಡಬೇಕು ಎನ್ನುವವರು ಇನ್ನೊಂದು ಕಡೆ. ಇಕ್ಕಟ್ಟಿನಲ್ಲಿ ಬಹಳ ಬೆಕ್ಕುಗಳನ್ನಿಟ್ಟರೆ ರೋಗ ಹರಡುತ್ತದೆ. ಹೊರಗೆ ಬಿಟ್ಟರೆ ಅಪಘಾತದ ಭಯ.

2. ದಯಾಮರಣ. ಗುಣವಾಗದ ನೋವಿನಲ್ಲಿರುವ ಪ್ರಾಣಿಗೆ ವೈದ್ಯರ ಮೂಲಕ ಮರಣ ಕೊಡುವುದನ್ನು ಕೆಲವು ಸಂಸ್ಥೆಗಳು ಒಪ್ಪುತ್ತವೆ. ಜೈನರು ನಡೆಸುವ ಪಾಂಜರಾಪೋಳಗಳು ಒಪ್ಪುವುದಿಲ್ಲ. ಮೊದಲೇ ಮಾತಾಡಿಕೊಳ್ಳದಿದ್ದರೆ ಒಬ್ಬರು ತಂದ ಬೆಕ್ಕಿನ ವಿಷಯದಲ್ಲಿ ಇನ್ನೊಬ್ಬರು ತೀರ್ಮಾನ ತೆಗೆದುಕೊಳ್ಳುವ ಪ್ರಸಂಗ ಬರುತ್ತದೆ.

3. ಲೆಕ್ಕ ಮತ್ತು ದಾಖಲೆ. ಶಸ್ತ್ರಚಿಕಿತ್ಸೆಯಾದ ಬೆಕ್ಕಿಗೆ ಗುರುತು ಇಲ್ಲದಿದ್ದರೆ ಇನ್ನೊಂದು ಗುಂಪು ಅದನ್ನೇ ಮತ್ತೆ ಹಿಡಿದು ಹೊಟ್ಟೆ ಕೊಯ್ಯಿಸಬಹುದು. ಇದನ್ನು ತಪ್ಪಿಸಲು ಅರಿವಳಿಕೆಯಲ್ಲಿರುವಾಗಲೇ ಒಂದು ಕಿವಿಯ ತುದಿಯನ್ನು ತುಸು ಕತ್ತರಿಸಿ ಗುರುತು ಮಾಡುವ ಪದ್ಧತಿ ಹಲವು ದೇಶಗಳಲ್ಲಿದೆ.

4. ಹಣ ಮತ್ತು ಹೆಸರು. ದಾನಿಗಳು ಅವೇ ಕೆಲವರು. ಒಂದೇ ಬೆಕ್ಕಿನ ಫೋಟೊ ಹಾಕಿ ಎರಡು ಗುಂಪುಗಳು ಹಣ ಕೇಳಿದರೆ ದಾನಿಗೆ ಇಬ್ಬರ ಮೇಲೂ ಸಂಶಯ ಹುಟ್ಟುತ್ತದೆ. ಕಷ್ಟದ ಕೆಲಸ ಒಬ್ಬರದು, ಪತ್ರಿಕೆಯಲ್ಲಿ ಹೆಸರು ಇನ್ನೊಬ್ಬರದು ಎಂಬ ನೋವು ಬಹಳ ದಿನ ಉಳಿಯುತ್ತದೆ.

5. ವನ್ಯಜೀವಿಗಳು. ಈ ನಾಲ್ಕು ತಾಲ್ಲೂಕುಗಳಲ್ಲಿ ಇದು ಎಲ್ಲಕ್ಕಿಂತ ಸೂಕ್ಷ್ಮ.

ಕಾಡಿನ ಅಂಚಿನ ಬೆಕ್ಕುಗಳು

ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರು ಬಂತು. ಹುಲಿ, ಚಿರತೆಗಳಲ್ಲದೆ ಚಿರತೆ ಬೆಕ್ಕು, ಕಾಡುಬೆಕ್ಕುಗಳಂತಹ ಸಣ್ಣ ಪ್ರಾಣಿಗಳೂ ಈ ಸೀಮೆಯಲ್ಲಿವೆ. ಮನೆಬೆಕ್ಕಿನ ಕೆಲವು ವೈರಾಣುಗಳು ಇವುಗಳಿಗೂ ತಗುಲಬಲ್ಲವು. ಕಾಡುಬೆಕ್ಕಿನೊಡನೆ ಮನೆಬೆಕ್ಕು ಕೂಡಿ ತಳಿ ಬೆರೆಯುವ ಅಪಾಯವೂ ಇದೆ. ಮುಂಡಗೋಡ ತಾಲ್ಲೂಕಿನ ಅತ್ತಿವೇರಿಯಲ್ಲಿ ಪಕ್ಷಿಧಾಮವಿದೆ. ದಾಂಡೇಲಿ ಮಂಗಟ್ಟೆ ಹಕ್ಕಿಗಳಿಗೆ ಹೆಸರಾದ ಊರು. ಪಕ್ಷಿಗಳಿಗಾಗಿ ದುಡಿಯುವವರು ಬೆಕ್ಕುಗಳಿಗೆ ಊಟ ಹಾಕುವವರನ್ನು ಕಂಡು ಬೇಸರ ಪಟ್ಟರೆ ಅದಕ್ಕೆ ಕಾರಣವಿದೆ. ಎರಡೂ ಕಡೆಯವರು ಕಾಯುತ್ತಿರುವುದು ಜೀವವನ್ನೇ.

ಆದ್ದರಿಂದ ಈ ಭಾಗದಲ್ಲಿ ಒಂದು ನಿಯಮವನ್ನು ಎಲ್ಲರೂ ಒಪ್ಪಬೇಕು: ಊರಿನಲ್ಲಿ ಬೇಡವಾದ ಬೆಕ್ಕನ್ನು ಕಾಡಿನಂಚಿಗೆ, ರೆಸಾರ್ಟ್‌ಗಳ ಬಳಿಗೆ, ಪಕ್ಷಿಧಾಮದ ಹತ್ತಿರಕ್ಕೆ ಬಿಡಬಾರದು. ಅದು ಬಿಡುಗಡೆಯಲ್ಲ. ಬಿಟ್ಟ ಬೆಕ್ಕು ಹಸಿವಿನಿಂದಲೋ ಚಿರತೆಯ ಬಾಯಿಗೆ ಬಿದ್ದೋ ಸಾಯುತ್ತದೆ, ಇಲ್ಲವೇ ಹಕ್ಕಿಗಳನ್ನು ಕೊಂದು ಬದುಕುತ್ತದೆ. ಹಸಿವು, ಬಾಯಾರಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧವೂ ಹೌದು.

ಇನ್ನೊಂದು ಎಚ್ಚರಿಕೆ. ಹಳಿಯಾಳ ಭಾಗದಲ್ಲಿ ಕಬ್ಬು ಬೆಳೆಯುತ್ತಾರೆ. ಕಬ್ಬು ಕಡಿಯುವಾಗ ಸಿಕ್ಕ ಮರಿಗಳು ಬೆಕ್ಕಿನ ಮರಿಯಂತೆಯೇ ಕಾಣುತ್ತವೆ, ಆದರೆ ಕಾಡುಬೆಕ್ಕಿನವೋ ಚಿರತೆಯವೋ ಆಗಿರಬಹುದು. ಅವನ್ನು ಮುಟ್ಟದೆ, ಮನೆಗೆ ತರದೆ, ಜನರನ್ನು ದೂರ ಸರಿಸಿ ಅರಣ್ಯ ಇಲಾಖೆಗೆ ತಿಳಿಸಬೇಕು. ತಾಯಿ ಹತ್ತಿರದಲ್ಲೇ ಇರುತ್ತದೆ. ಗದ್ದಲ ಅಡಗಿದ ಮೇಲೆ ಬಂದು ಒಯ್ಯುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಂತಹ ಮರಿಗಳನ್ನು ಸಾಕುವಂತಿಲ್ಲ.

ಜೈನ ಕುಟುಂಬಗಳ ಮುಂದಿನ ಪ್ರಶ್ನೆ

ಮಾಂಸ ಕೊಂಡು ತಂದು ಬೆಕ್ಕಿಗೆ ಹಾಕುವುದು ಅಹಿಂಸಾಣುವ್ರತ ಪಾಲಿಸುವ ಮನೆಯಲ್ಲಿ ಸಾಧ್ಯವಿಲ್ಲ. ಹಾಗೆಂದು ನೋವಿನಲ್ಲಿರುವ ಬೆಕ್ಕನ್ನು ನೋಡಿಯೂ ನೋಡದಂತೆ ಹೋಗುವುದು ದಯೆಗೆ ಒಪ್ಪುವುದಿಲ್ಲ. ಈ ಇಕ್ಕಟ್ಟಿನಿಂದಾಗಿಯೇ ಅನೇಕ ಶ್ರಾವಕರು ಬೆಕ್ಕಿನ ವಿಷಯದಿಂದ ದೂರ ಉಳಿಯುತ್ತಾರೆ.

ನಮ್ಮ ಗ್ರಂಥಗಳು ಈ ಪ್ರಶ್ನೆಯನ್ನು ಬಿಟ್ಟಿಲ್ಲ. 12ನೇ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ 15 ಬಗೆಯ ವೃತ್ತಿಗಳನ್ನು ಹೇಳುವಾಗ, ಹಣಕ್ಕಾಗಿ ಬೆಕ್ಕು, ನಾಯಿ, ಗಿಳಿ ಮುಂತಾದವನ್ನು ಸಾಕುವುದನ್ನೂ ಸೇರಿಸಿದ್ದಾರೆ. ದಿಗಂಬರ ಶ್ರಾವಕಾಚಾರ ಪರಂಪರೆಯಲ್ಲಿ ಹಿಂಸ್ರ ಪ್ರಾಣಿಗಳ ಸಾಕಣೆಯನ್ನು ಅನರ್ಥದಂಡದ ಭಾಗವಾಗಿ ಎಣಿಸುವುದುಂಟು. ಲಾಭಕ್ಕಾಗಿ ಸಾಕುವುದು, ಹಿಂಸೆಯ ಸಾಧನವಾಗಿ ಸಾಕುವುದು ಇಲ್ಲಿ ಆಕ್ಷೇಪಕ್ಕೆ ಗುರಿ. ಗೋದಾಮಿನ ಇಲಿ ಕೊಲ್ಲಿಸಲೆಂದು ಬೆಕ್ಕು ಸಾಕುವ ವರ್ತಕರು ಇದನ್ನು ಗಮನಿಸಬೇಕು. ಕಾಲು ಮುರಿದ ಬೆಕ್ಕಿಗೆ ಔಷಧ ಕೊಡಿಸುವುದು ಬೇರೆಯೇ ಮಾತು.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುತ್ತದೆ. ಕಟ್ಟಿಹಾಕುವುದೂ ಅನ್ನ-ನೀರು ತಡೆಯುವುದೂ ಅವುಗಳಲ್ಲಿ ಸೇರಿವೆ. ಬೆಕ್ಕನ್ನು ಮನೆಯೊಳಗೆ ಕೂಡಿಹಾಕಿ ಹಾಲು-ಅನ್ನವನ್ನಷ್ಟೇ ಕೊಡುವುದು ಮೇಲ್ನೋಟಕ್ಕೆ ಅಹಿಂಸೆಯಂತೆ ಕಂಡರೂ, ಅದರ ದೇಹಕ್ಕೆ ಬೇಕಾದ ಆಹಾರವನ್ನು ತಡೆದಂತೆಯೇ ಆಗುತ್ತದೆ. ಕೃತಕ ಟಾರಿನ್ ಸೇರಿಸಿದ ಸಸ್ಯಾಹಾರಿ ಬೆಕ್ಕಿನ ತಿನಿಸು ವಿದೇಶಗಳಲ್ಲಿದೆ, ಆದರೆ ಪಶುವೈದ್ಯರ ನಿಗಾ ಇಲ್ಲದೆ ಅದನ್ನು ನೆಚ್ಚುವಂತಿಲ್ಲ.

ಸಂತಾನಹರಣದ ಬಗ್ಗೆಯೂ ಸಂದೇಹಗಳಿವೆ. ಅಂಗಚ್ಛೇದವೂ ಅತಿಚಾರಗಳಲ್ಲಿ ಒಂದು. ಅರಿವಳಿಕೆ ಕೊಟ್ಟು, ಮುಂದೆ ಹುಟ್ಟಿ ಹಸಿದು ಸಾಯುವ ಮರಿಗಳ ದುಃಖ ತಪ್ಪಿಸುವ ಉದ್ದೇಶದಿಂದ ಮಾಡುವ ಚಿಕಿತ್ಸೆಯನ್ನು ಆ ದೋಷದಲ್ಲಿ ಸೇರಿಸಬೇಕೆ ಎಂಬುದರಲ್ಲಿ ಸಮಾಜದಲ್ಲಿ ಒಂದೇ ಅಭಿಪ್ರಾಯವಿಲ್ಲ. ಕುಟುಂಬಗಳು ತಮ್ಮ ಗುರುಗಳಲ್ಲಿ ಕೇಳಿ ನಿರ್ಧರಿಸುವುದು ಒಳಿತು.

ಇಷ್ಟಾಗಿಯೂ ದಾರಿ ಇದೆ. ಜೈನ ಪರಂಪರೆಯ ನಾಲ್ಕು ದಾನಗಳಲ್ಲಿ ಆಹಾರದಾನ ಒಂದೇ ಅಲ್ಲ. ಔಷಧದಾನ, ಶಾಸ್ತ್ರದಾನ, ಅಭಯದಾನಗಳೂ ಇವೆ. ಬೆಕ್ಕಿನ ವಿಷಯದಲ್ಲಿ ಆಹಾರದ ಹೊಣೆಯನ್ನು ಬೇರೆಯವರು ಹೊತ್ತು, ಔಷಧ, ಲಸಿಕೆ, ವಾಹನ, ಸ್ಥಳ, ತಿಳಿವಳಿಕೆ ಕೊಡುವ ಕೆಲಸಗಳನ್ನು ಜೈನ ಕುಟುಂಬಗಳು ಹೊತ್ತರೆ ಯಾರ ವ್ರತವೂ ಕೆಡುವುದಿಲ್ಲ. ಸಹಕಾರವಿಲ್ಲದೆ ಈ ಹಂಚಿಕೆ ನಡೆಯದು. ಹೀಗಾಗಿ ಬೇರೆಯವರೊಂದಿಗೆ ಕೂಡಿ ಕೆಲಸ ಮಾಡುವುದು ಜೈನ ಜೀವದಯಾ ಕಾರ್ಯಕರ್ತರಿಗೆ ಉಳಿದವರಿಗಿಂತಲೂ ಹೆಚ್ಚು ಅಗತ್ಯ.

ಹಿಂದಿನ ನಿದರ್ಶನಗಳು

ಮುಂಬಯಿ ಪಾಂಜರಾಪೋಳ, 1834: ಕಂಪನಿ ಸರ್ಕಾರ ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟಾಗ 1832ರಲ್ಲಿ ಮುಂಬಯಿಯ ಪಾರ್ಸಿಗಳು ಸಿಡಿದೆದ್ದರು. ಎರಡು ವರ್ಷಗಳ ನಂತರ ಪಾರ್ಸಿ ವರ್ತಕ ಜಮ್ಷೆಡ್‌ಜಿ ಜೀಜೀಭಾಯ್ ಮತ್ತು ಜೈನ ವರ್ತಕರು ಕೂಡಿ ಪಾಂಜರಾಪೋಳ ಸ್ಥಾಪಿಸಿದರು. ಎರಡು ಸಮುದಾಯಗಳ ಊಟ, ಆಚಾರ, ದೇವರು ಯಾವುದೂ ಒಂದಲ್ಲ. ಪ್ರಾಣಿಯ ಜೀವ ಉಳಿಸುವ ಒಂದು ಮಾತಿನಲ್ಲಿ ಒಪ್ಪಿದ್ದರಿಂದ ಸಂಸ್ಥೆ ನಿಂತಿತು.

ದೆಹಲಿಯ ಪಕ್ಷಿ ಆಸ್ಪತ್ರೆ: ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಈ ಧರ್ಮಾರ್ಥ ಆಸ್ಪತ್ರೆಯಲ್ಲಿ ಸಸ್ಯಾಹಾರಿ ಹಕ್ಕಿಗಳನ್ನು ಒಳರೋಗಿಗಳಾಗಿ ಇಟ್ಟುಕೊಳ್ಳುತ್ತಾರೆ. ಹದ್ದು, ಗಿಡುಗಗಳಿಗೆ ಹೊರರೋಗಿ ವಿಭಾಗದಲ್ಲಿ ಚಿಕಿತ್ಸೆ ಕೊಟ್ಟು ಕಳಿಸುತ್ತಾರೆ. ಮಾಂಸಾಹಾರಿ ಜೀವಕ್ಕೂ ಔಷಧ ಉಂಟು, ಆಹಾರದ ಹೊಣೆ ಇಲ್ಲ ಎಂಬ ಈ ಕ್ರಮ ಬೆಕ್ಕಿಗೂ ಹೊಂದುತ್ತದೆ. ಚಿಕಿತ್ಸೆಯ ನಂತರ ಬೆಕ್ಕು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಜೊತೆಗಾರ ಸಂಸ್ಥೆಯೊಂದು ಬೇಕು, ಅಷ್ಟೆ.

ಅಸಿಲೊಮಾರ್ ಒಪ್ಪಂದ, 2004: ಅಮೆರಿಕದಲ್ಲಿ ಯಾವ ಪ್ರಾಣಿಯನ್ನೂ ಕೊಲ್ಲಬಾರದು ಎನ್ನುವ ಆಶ್ರಯಗಳಿಗೂ ಜಾಗವಿಲ್ಲದಾಗ ದಯಾಮರಣ ಕೊಡುತ್ತಿದ್ದ ಆಶ್ರಯಗಳಿಗೂ ವರ್ಷಗಟ್ಟಲೆ ಕಟು ವಾಗ್ವಾದ ನಡೆದಿತ್ತು. 2004ರಲ್ಲಿ ಎರಡೂ ಕಡೆಯ ಮುಖಂಡರು ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸೇರಿದರು. ಯಾರೂ ತಮ್ಮ ಸಿದ್ಧಾಂತ ಬಿಡಲಿಲ್ಲ. ಆರೋಗ್ಯವಂತ, ಗುಣಪಡಿಸಬಹುದಾದ, ಗುಣಪಡಿಸಲಾಗದ ಪ್ರಾಣಿ ಎಂದರೇನು ಎಂಬುದಕ್ಕೆ ಎಲ್ಲರೂ ಒಂದೇ ಅರ್ಥ ಬಳಸುವುದು, ಲೆಕ್ಕವನ್ನು ಒಂದೇ ನಮೂನೆಯಲ್ಲಿ ಬರೆಯುವುದು, ಒಬ್ಬರನ್ನೊಬ್ಬರು ಸಾರ್ವಜನಿಕವಾಗಿ ಹಳಿಯದಿರುವುದು ಎಂಬಷ್ಟಕ್ಕೆ ಒಪ್ಪಿದರು. ನಂಬಿಕೆ ಬೆಳೆಯಲು ಮೊದಲು ಲೆಕ್ಕದ ಭಾಷೆ ಒಂದಾಗಬೇಕು ಎಂಬುದು ಇದರ ಪಾಠ.

ತಿಳಿದಿರಬೇಕಾದ ಕಾನೂನು

2001ರ ಸಂತಾನ ನಿಯಂತ್ರಣ ನಿಯಮಗಳು ನಾಯಿಗಳಿಗೆ ಸಂಬಂಧಿಸಿದ್ದವು. ಅವುಗಳ ಜಾಗದಲ್ಲಿ ಬಂದ 2023ರ ನಿಯಮಗಳು ಸಮುದಾಯ ಪ್ರಾಣಿ ಎಂಬ ಮಾತನ್ನು ಬಳಸುತ್ತವೆ. ಈ ನಿಯಮಗಳಡಿ ಸಂತಾನ ನಿಯಂತ್ರಣ ಯೋಜನೆ ನಡೆಸುವ ಸಂಸ್ಥೆಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕು. ಪ್ರಾಣಿ ದಯಾ ಸಂಘಗಳ ಕುರಿತ 2001ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ಹಿಂಸೆ ತಡೆ ಸಂಘ ಇರಬೇಕು. ನಾಲ್ಕು ತಾಲ್ಲೂಕಿನವರು ಬೇರೆ ಬೇರೆಯಾಗಿ ಕಾರವಾರಕ್ಕೆ ಅಲೆಯುವ ಬದಲು ಒಂದೇ ಮನವಿಯೊಂದಿಗೆ ಹೋದರೆ ಅದಕ್ಕೆ ತೂಕ ಹೆಚ್ಚು. ಪ್ರಾಣಿಯನ್ನು ಕೊಂದು ಅಥವಾ ಅಂಗವಿಕಲಗೊಳಿಸಿ ಹಾನಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗಿನ ಶಿಕ್ಷೆಗೆ ಗುರಿಯಾಗುವ ಅಪರಾಧ.

ಹಣದ ವಿಷಯದಲ್ಲೂ ಒಗ್ಗಟ್ಟಿಗೆ ಲಾಭವಿದೆ. 2013ರ ಕಂಪನಿಗಳ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪ್ರಾಣಿ ಕಲ್ಯಾಣವೂ ಸಾಮಾಜಿಕ ಹೊಣೆಗಾರಿಕೆಯ ಕೆಲಸವಾಗಿ ಸೇರಿದೆ. ಕಾರ್ಖಾನೆಗಳಿರುವ ದಾಂಡೇಲಿ, ಹಳಿಯಾಳಗಳಲ್ಲಿ ಲೆಕ್ಕಪತ್ರ ಸರಿಯಿರುವ ಒಂದು ಜಂಟಿ ಯೋಜನೆಯನ್ನು ಮುಂದಿಡುವುದು, ನಾಲ್ಕು ಸಣ್ಣ ಅರ್ಜಿಗಳಿಗಿಂತ ಫಲಕಾರಿ.

ಒಂದು ಪುಟದ ಒಡಂಬಡಿಕೆ

ದೊಡ್ಡ ಒಕ್ಕೂಟ ಕಟ್ಟಬೇಕಿಲ್ಲ. ಕೆಳಗಿನ ವಿಷಯಗಳನ್ನು ಬರೆದು ಎಲ್ಲರೂ ಸಹಿ ಮಾಡಿದರೆ ಹೆಚ್ಚಿನ ಜಗಳ ತಪ್ಪುತ್ತದೆ.

• ಯಾವ ತಾಲ್ಲೂಕಿನ ಕರೆಯನ್ನು ಯಾರು ಮೊದಲು ಸ್ವೀಕರಿಸಬೇಕು, ಅವರಿಗೆ ಆಗದಿದ್ದರೆ ಮುಂದೆ ಯಾರು.

• ಹೊಸದಾಗಿ ಬಂದ ಬೆಕ್ಕನ್ನು 14 ದಿನ ಪ್ರತ್ಯೇಕ ಇಡುವುದು. ಆ ಅವಧಿ ಮುಗಿಯದೆ ಇನ್ನೊಬ್ಬರಿಗೆ ಕಳಿಸದಿರುವುದು. ಬುಟ್ಟಿ, ಪಂಜರಗಳನ್ನು ಬ್ಲೀಚಿಂಗ್ ದ್ರಾವಣದಲ್ಲಿ ತೊಳೆದೇ ಹಿಂದಿರುಗಿಸುವುದು. ರೋಗ ಕಂಡರೆ ಮುಚ್ಚಿಡದೆ ಅದೇ ದಿನ ಎಲ್ಲರಿಗೂ ತಿಳಿಸುವುದು.

• ಪ್ರತಿ ಬೆಕ್ಕಿಗೂ ಒಂದು ಸಂಖ್ಯೆ, ಫೋಟೊ, ಸಿಕ್ಕ ಸ್ಥಳ, ಲಸಿಕೆಯ ದಿನ. ಶಸ್ತ್ರಚಿಕಿತ್ಸೆಯ ಗುರುತು ನಾಲ್ಕೂ ಕಡೆ ಒಂದೇ ಬಗೆಯದು. ದಾಖಲೆ ಕನ್ನಡದಲ್ಲಿದ್ದು ಎಲ್ಲರಿಗೂ ತೆರೆದಿರಬೇಕು.

• ದಯಾಮರಣದ ವಿಷಯದಲ್ಲಿ ಬೆಕ್ಕನ್ನು ತಂದವರ ನಿಲುವನ್ನು ಮೊದಲ ದಿನವೇ ಬರೆದುಕೊಳ್ಳುವುದು. ಒಪ್ಪದವರು ತಂದ ಪ್ರಾಣಿಯ ಕೊನೆಯವರೆಗಿನ ಶುಶ್ರೂಷೆಯ ವೆಚ್ಚವನ್ನು ಅವರೇ ವಹಿಸುವುದು.

• ಆಹಾರದ ಖಾತೆ ಬೇರೆ, ಔಷಧದ ಖಾತೆ ಬೇರೆ. ಔಷಧಕ್ಕೆಂದು ಕೊಟ್ಟ ಹಣ ಔಷಧಕ್ಕೇ ಹೋಗಿದೆ ಎಂಬುದಕ್ಕೆ ರಸೀದಿ. ಜೈನ ದಾನಿಗಳು ಇದನ್ನು ಕೇಳಿ ಪಡೆಯಬೇಕು. ಕೇಳುವುದು ಅವಿಶ್ವಾಸವಲ್ಲ.

• ಕಾಡು, ಪಕ್ಷಿಧಾಮದ ಬಳಿ ಬೆಕ್ಕು ಬಿಡುವುದಿಲ್ಲ, ಅಲ್ಲಿ ಆಹಾರ ಹಾಕುವುದಿಲ್ಲ ಎಂಬ ವಾಗ್ದಾನ.

• ಒಬ್ಬರ ತಪ್ಪನ್ನು ಇನ್ನೊಬ್ಬರು ಸಾಮಾಜಿಕ ಜಾಲತಾಣದಲ್ಲಿ ಹಾಕುವ ಮುನ್ನ ನೇರವಾಗಿ ಮಾತಾಡುವುದು. ಫೋಟೊ, ಸುದ್ದಿಗಳಲ್ಲಿ ಕೆಲಸ ಮಾಡಿದ ಎಲ್ಲರ ಹೆಸರು.

ಮನೆ ಮನೆಯಲ್ಲಿ ಮಾಡಬಹುದಾದದ್ದು

ಗಾಯಗೊಂಡ ಬೆಕ್ಕು ಕಂಡರೆ ದಪ್ಪ ಬಟ್ಟೆ ಹೊದಿಸಿ, ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಒಯ್ಯಿರಿ. ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962. ವನ್ಯಪ್ರಾಣಿ ಎಂಬ ಅನುಮಾನವಿದ್ದರೆ ಅರಣ್ಯ ಇಲಾಖೆಯ 1926. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ.

ಮರಿಗಳು ಮಾತ್ರ ಕಂಡರೆ ಕೂಡಲೇ ಎತ್ತಿ ತರಬೇಡಿ. ತಾಯಿ ಆಹಾರಕ್ಕೆ ಹೋಗಿರಬಹುದು. ಕೆಲವು ಗಂಟೆ ದೂರದಿಂದ ಗಮನಿಸಿ. ಎಂಟು ವಾರ ತುಂಬುವವರೆಗೆ ತಾಯಿಯ ಬಳಿ ಇದ್ದರೆ ಮರಿ ಗಟ್ಟಿಯಾಗುತ್ತದೆ.

ದಶಲಕ್ಷಣ ಅಥವಾ ಪರ್ಯೂಷಣ ಪರ್ವದಲ್ಲಿ, ಮಹಾವೀರ ಜಯಂತಿಯಂದು ಜೀವದಯೆಗೆಂದು ಎತ್ತುವ ಹಣದಲ್ಲಿ ಒಂದು ಪಾಲನ್ನು ಮರಿಗಳ ಲಸಿಕೆಗೆ ಮೀಸಲಿಡಬಹುದು. ಖಾಲಿ ಇರುವ ಒಂದು ಕೋಣೆಯನ್ನು ಚಿಕಿತ್ಸೆ ನಂತರದ ಕೆಲವು ದಿನಗಳಿಗೆ ಪಾಲುದಾರ ಸಂಸ್ಥೆಗೆ ಕೊಡಬಹುದು. ವಾರಕ್ಕೊಮ್ಮೆ ಧಾರವಾಡಕ್ಕೋ ಹುಬ್ಬಳ್ಳಿಗೋ ಹೋಗುವ ವರ್ತಕರು ತಮ್ಮ ವಾಹನದಲ್ಲಿ ಒಂದು ಪಂಜರಕ್ಕೆ ಜಾಗ ಕೊಡಬಹುದು. ಲೆಕ್ಕ ಬರೆಯಲು ಬಲ್ಲವರು ಸಂಸ್ಥೆಯ ಖಾತೆ ನೋಡಿಕೊಡಬಹುದು. ಇವುಗಳಲ್ಲಿ ಒಂದಕ್ಕೂ ಮಾಂಸ ಮುಟ್ಟಬೇಕಾಗಿಲ್ಲ. ಆಹಾರ ಹಾಕುವ ಬೇರೆಯವರ ಕೆಲಸವನ್ನು ಕೀಳೆಂದು ಕಾಣಬೇಕಾಗಿಯೂ ಇಲ್ಲ. ಅವರು ಆ ಭಾಗವನ್ನು ಹೊತ್ತಿರುವುದರಿಂದಲೇ ನಮ್ಮ ಔಷಧದಾನ ಆ ಜೀವವನ್ನು ಮುಟ್ಟುತ್ತದೆ.